ಸೀಸರನ ಬುತ್ತಿ

ಸಾಂಗಲಿ ಸಂಸ್ಥಾನದ ಆಡಳಿತ ವರದಿಯಲ್ಲಿ ನಮೂದಾಗದೆ ಉಳಿದುಹೋದ ಒಂದು ಮಹತ್ವದ ಸಂಗತಿಯೆಂದರೆ, ೧೯೩೧ರ ಒಂದು ಸೋಮವಾರ ಸಂಜೆ ಗಣಪತಿ ಪೇಟೆಯ ಗುರಲಿಂಗ ಮಾಸ್ತರರು ಒಲೆ ಹೊತ್ತಿಸಲಿಲ್ಲ.

ಆ ಸಂಜೆ ಅವರು ತಮ್ಮ ಪಡಸಾಲೆಯಲ್ಲಿ, ಪಕ್ಕದ ಮನೆಯ ಅರಿಷಿಣ ವ್ಯಾಪಾರಿ ಕಾಡಸಿದ್ದಪ್ಪನ ಮಕ್ಕಳಿಬ್ಬರಿಗೆ ಲ್ಯಾಟಿನ್ ಪಾಠ ಮುಗಿಸಿ ರೋಮಿನ ಚರಿತ್ರೆ ಹೇಳುತ್ತಿದ್ದರು. ಮಿರಜದ ಮಿಶನ್ ದವಾಖಾನೆಯಲ್ಲಿ ಔಷಧದ ಚೀಟಿಯನ್ನು ಲ್ಯಾಟಿನ್ನಿನಲ್ಲಿ ಬರೆಯುತ್ತಾರೆಂದು ಕಾಡಸಿದ್ದಪ್ಪನಿಗೆ ಯಾರೋ ಹೇಳಿದ್ದರು. ಮಗಳು ಗಿರಿಜಾ ಡಾಕ್ಟರಾಗಿ ಚೀಟಿ ಬರೆಯಲಿ, ಮಗ ಶಿವಲಿಂಗ ಔಷಧದ ಅಂಗಡಿ ಇಟ್ಟು ಅದನ್ನು ಓದಲಿ ಎಂಬುದು ಅವನ ಲೆಕ್ಕಾಚಾರ. ಮಾಸ್ತರರ ಲೆಕ್ಕಾಚಾರ ಬೇರೆ. ಮುಂಬಯಿಯಲ್ಲಿ ಕಲಿತು ಬಂದ ಆ ಭಾಷೆಯನ್ನು, ಹೆಂಡತಿ ತೀರಿಕೊಂಡ ಮೇಲೆ, ಅವರು ಗೋಡೆಯ ಕೂಡ ಮಾತ್ರ ಆಡಿದ್ದರು. ಹೆಂಡತಿಗೂ ತಿಳಿಯುತ್ತಿರಲಿಲ್ಲ, ಆದರೆ ಆಕೆ ಹೂಂ ಅನ್ನುತ್ತಿದ್ದಳು.

ಸೀಸರನನ್ನು ಇರಿಯುವ ಘಟ್ಟ ಬಂದಾಗ ಮಾಸ್ತರರು ಪುಸ್ತಕ ಕೆಳಗಿಟ್ಟರು. ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಅದು ಸೀಸರನಿಗಾಗಿಯೋ, ಬಾಯಿ ತೆರೆದುಕೊಂಡು ಕೇಳುವವರು ಇಬ್ಬರಿದ್ದಾರೆಂಬ ಸುಖಕ್ಕೋ, ಅವರಿಗೂ ಗೊತ್ತಿರಲಿಲ್ಲ. ಗಿರಿಜಾ ಮನೆಗೆ ಹೋಗಿ ಅಜ್ಜಿ ಬಾಳವ್ವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು: "ಆಯಿ, ಮಾಸ್ತರ ಅತ್ರು. ಅವರಿಗೆ ಬೇಕಾದವರೊಬ್ಬರನ್ನ ತುಂಬಿದ ದರಬಾರದಾಗ ಇರದು ಕೊಂದಾರಂತ."

ಸಾವಿನ ಮನೆಯಲ್ಲಿ ಒಲೆ ಹೊತ್ತಬಾರದು, ಓಣಿಯೇ ಉಣಿಸಬೇಕು. ಅರ್ಧ ತಾಸಿನಲ್ಲಿ ಬಾಳವ್ವ ಬಿಸಿ ಭಕ್ಕರಿ, ಝುಣಕ ಕಟ್ಟಿಕೊಂಡು ಬಂದಳು. ಹಿಂದೆ ಕಾಡಸಿದ್ದಪ್ಪ, ಅವನ ಹಿಂದೆ ಓಣಿ. ಮಾಸ್ತರರ ಮನೆಯ ಜಮಖಾನೆ ಎಷ್ಟು ಉದ್ದವಿದೆ ಎಂಬುದು ಅಂದೇ ಎಲ್ಲರಿಗೂ ತಿಳಿದದ್ದು.

"ಉಣ್ರಿ ಮಾಸ್ತರ," ಎಂದಳು ಬಾಳವ್ವ. "ಹ್ವಾದವರ ಹಿಂದ ಹೋಗಾಕ ಬರೂದಿಲ್ಲ. ಏನಾಗಬೇಕಿತ್ರಿ ನಿಮಗ?"

ಮಾಸ್ತರರಿಗೆ ಆಗ ಅರ್ಥವಾಯಿತು. ಹೇಳಲೆಂದು ಬಾಯಿ ತೆರೆದರು. ಭಕ್ಕರಿ ಬಿಸಿಯಾಗಿತ್ತು, ತೆರೆದ ಬಾಯಿಗೆ ಒಂದು ತುತ್ತು ಹೋಯಿತು.

"ಬಳಗ ಅಂತ ಅಲ್ಲರಿ," ಎಂದರು ನುಂಗಿ. "ಭಾಳ ವರ್ಷದ ಗುರುತ."

"ಕೊಂದವರ್ಯಾರು?"

"ಗೆಳ್ಯಾರ. ಅವನ ಕೈಯಿಂದ ಮ್ಯಾಲ ಬಂದ ಮಂದಿನ."

"ದರಬಾರದ ಮಂದಿ ಎಲ್ಲಾ ಕಡೆ ಒಂದ!" ಎಂದ ಕಾಡಸಿದ್ದಪ್ಪ. ಅಂದಮೇಲೆ ಬಾಗಿಲ ಕಡೆ ಒಮ್ಮೆ ನೋಡಿಕೊಂಡ.

"ಹೇಣ್ತಿ ಇದ್ಲೇನ್ರಿ?" ಎಂದು ಕೇಳಿದಳು ಬಾಳವ್ವ.

"ಇದ್ಲು. ಹಿಂದಿನ ರಾತ್ರಿ ಕೆಟ್ಟ ಕನಸ ಬಿದ್ದಿತ್ತು. ಇವತ್ತ ಹೋಗಬ್ಯಾಡ್ರಿ ಅಂತ ಕೈ ಹಿಡದಿದ್ಲು."

ಹೆಂಗಸರೆಲ್ಲ ಲೊಚಗುಟ್ಟಿದರು. "ನಮ್ಮ ಮಾತ ಯಾವ ಗಂಡಸ ಕೇಳ್ಯಾನವ್ವಾ," ಎಂದಳೊಬ್ಬಳು. ಅವಳ ಗಂಡ ಜಮಖಾನೆಯ ದಾರ ಕೀಳತೊಡಗಿದ. ಮಾಸ್ತರರು ಒಂದು ಸುಳ್ಳನ್ನೂ ಹೇಳಲಿಲ್ಲ. ಕೇಳಿದ್ದಕ್ಕೆಲ್ಲ ಪುಸ್ತಕದಲ್ಲಿದ್ದಂತೆಯೇ ಉತ್ತರ ಕೊಟ್ಟರು. ಅಷ್ಟು ಒಳ್ಳೆಯ ಪಾಠವನ್ನು ಅವರು ತಮ್ಮ ಜನ್ಮದಲ್ಲಿ ಮಾಡಿರಲಿಲ್ಲ.

ಮಂಗಳವಾರ ಸಂಜೆಯೂ ಓಣಿ ಬಂತು. ಮಾಸ್ತರರು ಮಧ್ಯಾಹ್ನವೇ ಕಸ ಗುಡಿಸಿ, ಜಮಖಾನೆ ಹಾಸಿ, ಕೊಡ ತುಂಬಿಸಿಟ್ಟು ಕಾಯುತ್ತಿದ್ದರು. ದುಃಖದ ಮನೆಯಲ್ಲಿ ಇಷ್ಟು ಉತ್ಸಾಹ ಒಪ್ಪದೆಂದು ಗಡ್ಡ ಮಾತ್ರ ಬೋಳಿಸಿಕೊಂಡಿರಲಿಲ್ಲ. ಊಟಕ್ಕೆ ಬಡಿಸುತ್ತ ಬಾಳವ್ವ ಹೇಳಿದಳು:

"ಗುರುವಾರ ನಮ್ಮ ಬಸುರಿ ಮಗಳು ಗುರುಶಾಂತವ್ವನ ಕುಬಸ ಇತ್ತರಿ. ಬ್ಯಾಡ ಅಂದ್ವಿ. ಬಾಜೂಕ ಹಿಂತಾದ್ದ ಆಗಿರೂ ಮುಂದ ನಾವು ಸೋಬಾನ ಹಾಡೂದ ಚಂದೇನು?"

"ಮತ್ತ ಯಾವಾಗ್ರಿ?"

"ಈ ವಾರಕ್ಕ ಏಳು ತಿಂಗಳ ತುಂಬತಾವು. ಎಂಟರಾಗ ಮಾಡಂಗಿಲ್ಲ. ಒಂಬತ್ತರತನಕ ದೇವರು ಕಾಯ್ದ್ರ ಆತು. ಚೊಚ್ಚಲ, ಹುಡುಗಿ ಅಳಕೋತ ಕುಂತೈತಿ. ಇರಲಿ ಬಿಡ್ರಿ, ನಿಮ್ಮ ದುಃಖಕ್ಕಿಂತ ದೊಡ್ಡದೇನಲ್ಲ."

ಮಾಸ್ತರರ ಕೈಯಲ್ಲಿ ತುತ್ತು ನಿಂತಿತು. ಕುಳಿತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು, ರೈಲು ಬಿಡುವ ಮುಂಚೆ ಕಿಟಕಿಯಿಂದ ನೋಡುವ ಹಾಗೆ.

"ಬಾಳವ್ವನವರ, ಕುಬಸ ನಿಲ್ಲಸಬ್ಯಾಡ್ರಿ. ಅವನ ಹೆಸರ ಸೀಸರ, ಸತ್ತು ಎರಡು ಸಾವಿರ ವರ್ಷ ಆಗೇತ್ರಿ. ರೋಮ್ ಅಂತ ಒಂದ ರಾಜ್ಯ. ಹುಡುಗರ ಪಾಠದಾಗ ಬರತೈತಿ."

ಬಾಳವ್ವ ಬಡಿಸುವುದನ್ನು ಬಿಟ್ಟು ಕೇಳಿದಳು: "ಎರಡು ಸಾವಿರ ವರ್ಷ! ನಿಮಗ ಸುದ್ದಿ ನಿನ್ನೆ ಮುಟ್ಟಿತೇನ್ರಿ?"

ಬಾಗಿಲ ಬಳಿ ಯಾರೋ ಫಕ್ಕನೆ ನಕ್ಕರು. ಆಮೇಲೆ ಪಡಸಾಲೆಯೆಲ್ಲ ನಕ್ಕಿತು. ಕಾಡಸಿದ್ದಪ್ಪ ನಗಲಿಲ್ಲ.

"ಈ ಸೀಸರ ಔಷಧದ ಪುಸ್ತಕದಾಗ ಬರತಾನೇನ್ರಿ?"

"ಇಲ್ಲರಿ."

"ಹಂಗಾರ ನಮ್ಮ ಹುಡುಗರಿಗೆ ಯಾಕ ಬೇಕಾಗಿದ್ದ?"

ಮಾಸ್ತರರ ಬಳಿ ಇದಕ್ಕೆ ಬಹಳ ಉದ್ದನೆಯ ಉತ್ತರವಿತ್ತು. ಆದರೆ ಜನ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಬಾಳವ್ವ ಬುಟ್ಟಿ ಎತ್ತಿಕೊಂಡಳು. ಭಕ್ಕರಿಗಳನ್ನು ಅಲ್ಲೇ ಬಿಟ್ಟಳು. ಮಾಸ್ತರರು ಅವನ್ನು ಮುಂದಕ್ಕೆ ಸರಿಸಿದಾಗ ತಲೆಯಾಡಿಸಿದಳು.

"ಬ್ಯಾಡ್ರಿ. ಸತ್ತ ಮನಿಗೆ ತಂದ ಬುತ್ತಿ ತಿರುಗಿ ಒಯ್ಯಂಗಿಲ್ಲ."

ಗುರುವಾರ ಕುಬಸವಾಯಿತು. ಸೋಬಾನದ ಒಂದೊಂದು ನುಡಿಯೂ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು. ಗಿರಿಜಾ, ಶಿವಲಿಂಗ ಪಾಠಕ್ಕೆ ಬರುವುದು ನಿಂತಿತು. ಸೀಸರನಾದ ಮೇಲಿನ ಅಧ್ಯಾಯದಲ್ಲಿ ಸಿಸೆರೋ ಎಂಬ ಪಂಡಿತನ ತಲೆ ಕಡಿಯುತ್ತಾರೆ. ಮುಂದಿನ ಸೋಮವಾರ ಸಂಜೆ ಮಾಸ್ತರರು ಅದನ್ನು, ಬಾಗಿಲು ತೆರೆದಿಟ್ಟು, ಗಟ್ಟಿಯಾಗಿ ಓದಿದರು.

ಯಾರೂ ಬರಲಿಲ್ಲ.