‘ಇಂಪು’ ಎಂಬ ನಾಬ್

“ಆ ‘ಇಂಪು’ ಅನ್ನೋ ನಾಬನ್ನ ಒಂಚೂರು ಬಲಕ್ಕೆ ತಿರುಗಿಸೇ ಪುಟ್ಟಿ, ದನಿ ಯಾಕೋ ಒಣಗಿದ ಹಾಗಿದೆ,” ಎಂದು ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆ ಮೈಕಿನ ಮುಂದೆ ನಿಂತಿದ್ದ ಸೋದರತ್ತೆ ಹೇಳಿದಾಗ ಪುಟ್ಟಿಯ ಕೈ ಮೌಸಿನ ಮೇಲೇ ನಿಂತಿತು. ಪರದೆಯ ಮೇಲಿನ ತಿರುಗುಗುಂಡಿಗಳ ಸಾಲಿನಲ್ಲಿ ಆ ನಾಬೇ ಇರಲಿಲ್ಲ.

ದನಿಗೆ ಮೆರುಗು ಕೊಡುವ ಈ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶವನ್ನು ಬರೆದವರು ಅವಳ ಅಪ್ಪ. ಅವರು ತೀರಿಹೋದರು, ಅವರ ಹಳೆಯ ಕಂಪ್ಯೂಟರೂ ಕೈಕೊಟ್ಟಿತು. ಪುಟ್ಟಿಯೇ ಕೂತು ಅದನ್ನು ಹೊಸ ಕಂಪ್ಯೂಟರಿನ ಲಿನಕ್ಸಿಗೆ ಹೊಂದುವಂತೆ ತಿದ್ದಿ ಬರೆದಿದ್ದಳು. ಕೋಡನ್ನು ಸಾಲುಸಾಲಾಗಿ ಓದುವಾಗ ಗೊತ್ತಾಗಿತ್ತು: ‘ಇಂಪು’ ನಾಬನ್ನು ಯಾವುದಕ್ಕೂ ಜೋಡಿಸಿಯೇ ಇಲ್ಲ, ಎಷ್ಟು ತಿರುಗಿಸಿದರೂ ದನಿ ಕೂದಲೆಳೆಯಷ್ಟೂ ಬದಲಾಗದು. ಅಪ್ಪ ಅರ್ಧಕ್ಕೆ ಬಿಟ್ಟ ಕೆಲಸವೆಂದು ಕಿತ್ತುಹಾಕಿದ್ದಳು.

ಈಗ ನಿಜ ಹೇಳಿದರೆ ಅಪ್ಪ ಇಷ್ಟು ವರ್ಷ ತಂಗಿಯ ಕಣ್ಣಿಗೆ ಮಣ್ಣೆರಚಿದ ಹಾಗಾಗುತ್ತದೆ. “ಒಂದ್ನಿಮಿಷ ಅತ್ತೆ,” ಎಂದು ತೆಗೆದ ಸಾಲುಗಳನ್ನು ಮತ್ತೆ ಸೇರಿಸಿ, ಕಂಪೈಲ್ ಮಾಡಿ, ನಾಬನ್ನು ಬಹಳ ಗಂಭೀರವಾಗಿ ಬಲಕ್ಕೆ ತಿರುಗಿಸಿದಳು. ಅತ್ತೆ ಕಣ್ಣು ಮುಚ್ಚಿ, ಭುಜ ಸಡಿಲಿಸಿ, ನಿಧಾನವಾಗಿ ಉಸಿರೆಳೆದುಕೊಂಡು ಹಾಡಿದರು. ದನಿ ತುಂಬಿ ಬಂತು.

“ಈಗ ಸರಿಯಾಯ್ತಾ ಅತ್ತೆ?”

“ಆಯ್ತು. ನೀನು ಅಷ್ಟು ಹೊತ್ತು ಟೈಪ್ ಮಾಡಿದಾಗ್ಲೇ ಗೊತ್ತಾಯ್ತು, ಅದನ್ನ ಕಿತ್ತುಹಾಕಿದ್ದೆ ಅಂತ. ಮತ್ತೆ ತೆಗೆದುಹಾಕ್ಬೇಡ,” ಎಂದರು ಅತ್ತೆ, ನೀರು ಕುಡಿಯುತ್ತ. “ಅದು ಏನೂ ಮಾಡಲ್ಲ ಅಂತ ನಂಗೂ ಗೊತ್ತು ಕಣೇ. ನಿಮ್ಮಪ್ಪನಿಗೆ ಹೇಳಿ ಹಾಕಿಸ್ಕೊಂಡಿದ್ದೇ ನಾನು. ಗಂಟಲು ಬಿಗಿದಾಗ ಎಲ್ಲರ ಮುಂದೆ ಹೇಳ್ಕೊಳ್ಳೋಕೆ ನಾಚಿಕೆ ಆಗೋದು. ನೀವು ಅದನ್ನ ತಿರುಗಿಸೋದ್ರೊಳಗೆ ನಾನು ಗಂಟಲು ಸರಿಮಾಡ್ಕೋತೀನಿ.”