ಅಡುಗೆಕಟ್ಟೆಗೊಂದು ತಗಡು

ತಾಮ್ರವೇ ಆದೀತೇನೋ, ಇಲ್ಲ, ಸ್ಟೀಲೇ ಇರಲಿ ಎಂದು ಗುರುಬಸವರಾಜ್ ಹೊಯ್ದಾಡುತ್ತಿದ್ದ. ಹೊನ್ನಾಳಿಯ ಸುಬಾನಸಾಬರ ವರ್ಕ್‌ಶಾಪಿನಲ್ಲಿ ಒಂದೊಂದು ತಗಡನ್ನೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ.

"ಅಡುಗೆಕಟ್ಟೆಗೆ ತಗಡು ನೋಡ್ತೀರೋ, ಗುಡಿಗೆ ಗಂಟೆ ನೋಡ್ತೀರೋ?" ಸುಬಾನಸಾಬರು ನಕ್ಕರು. "ಸ್ಟೀಲೇ ಹಾಕ್ಸ್ರಿ. ಕೆಳಗೆ ಪ್ಲೈವುಡ್ ಅಂಟಿಸ್ತೀನಿ, ಪಾತ್ರೆ ಕುಕ್ಕಿದ್ರೂ ಸದ್ದು ಬರಂಗಿಲ್ಲ."

"ಹಂಗೇ ಮಾಡ್ರಿ ಅಣ್ಣಾ," ಎಂದಳು ಗುರುಬಸವರಾಜನ ಹೆಂಡತಿ ರೂಪಶ್ರೀ. "ಪಾತ್ರೆ ಸದ್ದಾದ್ರೆ ನಮ್ಮನೇಲಿ ಕೆಲವರಿಗೆ ತಲೆನೋವು." ತನ್ನ ತಮ್ಮನ ಮದುವೆಗೆ ಗಂಡ ತನ್ನನ್ನು ಕಳಿಸದ ದಿನದಿಂದ ಅವಳು ಅವನೊಂದಿಗೆ ಮಾತು ಬಿಟ್ಟಿದ್ದಳು, ಹೇಳಬೇಕಾದ್ದನ್ನೆಲ್ಲ ಹೀಗೆ ಮೂರನೆಯವರಿಗೆ ಹೇಳುತ್ತಿದ್ದಳು.

"ಪ್ಲೈವುಡ್ ಬ್ಯಾಡ್ರಿ ಸಾಬ್ರೆ," ಎಂದ ಗುರುಬಸವರಾಜ್.

ರೂಪಶ್ರೀ ಅವನತ್ತ ತಿರುಗಿದಳು. "ಯಾಕೆ?" ಎಂದು ಅವನನ್ನೇ ಕೇಳಿದಳು. ಎಷ್ಟೋ ತಿಂಗಳ ಮೇಲೆ ಅವನಿಗೆಂದೇ ಅವಳು ಆಡಿದ ಮಾತು ಅದು. ಅವನು ತಗಡಿನ ಮೇಲಿಂದ ಕೈ ತೆಗೆದ.

"ಗೆದ್ದಲು ಹಿಡಿತೈತೆ," ಎಂದ.

ಅವಳು ಮತ್ತೆ ಸುಬಾನಸಾಬರ ಕಡೆಗೆ ಮುಖ ತಿರುಗಿಸಿದಳು. ಅವಳು ಪಾತ್ರೆ ಇಡುವ ಸದ್ದಿನಲ್ಲೇ ಅವಳ ಸಿಟ್ಟು, ಸಮಾಧಾನ ತಿಳಿದುಕೊಂಡು ತಾನು ದಿನ ಕಳೆಯುತ್ತಿದ್ದೇನೆ ಎಂದು ಅವನು ಹೇಳಲೇ ಇಲ್ಲ.