ಬಲಗಡೆಯ ಜೇಬು

"ಬಂತಲ್ಲೇ ಮಗಳೇ, ಕೊನೆಗೂ ನಿಂಗೆ ಬಲಗೈ ಬಂತಲ್ಲೇ" ಎನ್ನುತ್ತ ಅಮ್ಮ ಬಾಗಿಲು ಮುಚ್ಚುವುದನ್ನೂ ಮರೆತು ಒಳಗೆ ನುಗ್ಗಿ, ಹೊಲಿಗೆ ಯಂತ್ರದ ಮುಂದೆ ಮುಖ ಬಾಡಿಸಿಕೊಂಡು ಕೂತಿದ್ದ ಮಗಳನ್ನು ತಬ್ಬಿಕೊಂಡಳು. ಕೈಯಲ್ಲಿ ಫೋನು, ಕಣ್ಣಲ್ಲಿ ಸಂತೋಷದ ನೀರು.

ಮಗಳಿಗೆ ಸಂತೋಷಪಡುವ ಸ್ಥಿತಿ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಅವಳ ಶರ್ಟು ಹೊಲಿಯುವ ಪಾಠದ ವಿಡಿಯೊ ಮಾಯವಾಗಿ, ಆ ಜಾಗದಲ್ಲಿ ಕಂಪನಿಯ ನೋಟಿಸು ಕೂತಿತ್ತು. ಮೊದಲು ಹಾಕಿದವರು ನೀವಾದರೂ ಅದನ್ನು ತಯಾರಿಸಿದ್ದು ತಾನು ಎಂದು ಬೇರೊಬ್ಬರು ದೂರು ಕೊಟ್ಟಿದ್ದಾರೆ. ಕಾಪಿರೈಟ್ ನಿಮ್ಮದೇ ಆದರೆ ಸಂಜೆಯೊಳಗೆ ಪುರಾವೆ ಕೊಡಿ, ಇಲ್ಲವಾದರೆ ಚಾನೆಲ್ಲನ್ನೇ ಮುಚ್ಚುತ್ತೇವೆ. ನಿದ್ದೆಗೆಟ್ಟು ಕಟ್ಟಿದ 'ಎಡಚಿ ಟೈಲರ್' ಚಾನೆಲ್ಲು ಅದು. ಎಡಗೈಯಲ್ಲಿ ಕತ್ತರಿ ಹಿಡಿಯುವ ಎಷ್ಟೋ ಮಂದಿ ಅವಳನ್ನು ನೋಡಿ ಕಲಿತು, ಅಕ್ಕ ಎಂದು ಕರೆಯುತ್ತಿದ್ದರು. ಫೋನಿನಲ್ಲಿ ಜಾಗ ಸಾಲದೆಂದು ಮೂಲ ವಿಡಿಯೊಗಳನ್ನೆಲ್ಲ ಅವಳೇ ಅಳಿಸಿಹಾಕಿದ್ದಳು. ಈಗ ಪುರಾವೆ ಎಲ್ಲಿಂದ ತರುವುದು?

"ಯಾವ ಬಲಗೈ ಅಮ್ಮ? ನಂಗೇ ಇಲ್ಲಿ ತಲೆ ಕೆಟ್ಟಿದೆ."

"ನನ್ ಹತ್ರಾನೂ ಮುಚ್ಚಿಡ್ತೀಯಾ? ನೋಡು, ಎಷ್ಟು ಚೆನ್ನಾಗಿ ಬಲಗೈಲಿ ಕತ್ತರಿಸ್ತಿದೀಯ. ಮುಖ ಕಾಣ್ದಿದ್ರೇನು, ನಿನ್ನ ಬೆರಳು ನಂಗೆ ಗೊತ್ತಾಗಲ್ವಾ? ಚಿಕ್ಕೋಳಿದ್ದಾಗ ಎಡಗೈಗೆ ರಿಬ್ಬನ್ ಕಟ್ಟಿ ಕೂರಿಸಿದ್ದು ದಂಡ ಆಗ್ಲಿಲ್ಲ. ನಿನ್ನ ದೊಡ್ಡಮ್ಮಂಗೆ, ಸೋದರತ್ತೆಗೆ, ಎಲ್ಲರಿಗೂ ಕಳಿಸ್ಬಿಟ್ಟೆ."

ಮಗಳು ಫೋನು ಕಸಿದುಕೊಂಡಳು. ಅವಳದೇ ಮೇಜು, ಅವಳದೇ ನೀಲಿ ಚೌಕಳಿ ಬಟ್ಟೆ. ಅವಳ ದನಿ ಅಳಿಸಿ ಸಂಗೀತ ತುಂಬಿದ್ದರು. ಕತ್ತರಿ ಮಾತ್ರ ಬಲಗೈಯಲ್ಲಿತ್ತು. ಎಡಗೈ ಮೇಲಿನ ಇಸ್ತ್ರಿಪೆಟ್ಟಿಗೆಯ ಸುಟ್ಟ ಕಲೆಯೂ ಬಲಗೈಗೆ ಹೋಗಿ ಕೂತಿತ್ತು. ಮೂಲೆಯಲ್ಲಿ ಯಾವನೋ ಟೈಲರ್ ಮಾಸ್ಟರನ ಹೆಸರು. ಅವಳು ಕಕ್ಕಾಬಿಕ್ಕಿಯಾದಳು. ಅಷ್ಟರಲ್ಲಿ ಹೊಲಿದು ಮುಗಿದ ಶರ್ಟು ಪರದೆಯ ಮೇಲೆ ಬಂತು. ಅವಳು ಕೂತಲ್ಲಿಂದ ದಡಕ್ಕನೆ ಎದ್ದಳು.

"ಅಮ್ಮ, ಶರ್ಟಿನ ಜೇಬು ಯಾವ ಕಡೆ ಇರುತ್ತೆ?"

"ಎಡಗಡೆ. ಅದ್ಯಾರಿಗೆ ಗೊತ್ತಿಲ್ಲ?"

"ಇಲ್ಲಿ ಬಲಗಡೆ ಇದೆ ನೋಡು. ಕನ್ನಡಿಲಿ ಕಾಣೋ ಹಾಗೆ ನನ್ನ ವಿಡಿಯೊನ ತಿರುಗಿಸಿ ಹಾಕ್ಕೊಂಡಿದ್ದಾನೆ, ಕಳ್ಳ. ಸಾಲದೂಂತ ನನ್ ಮೇಲೇ ದೂರು ಕೊಟ್ಟಿದ್ದಾನೆ."

ಕೆಳಗಿನ ಕಮೆಂಟು ಓದಿದರೆ ನಗು ತಡೆಯುವಂತಿರಲಿಲ್ಲ. ಪಾಠ ನೋಡಿ ಶರ್ಟು ಹೊಲಿದುಕೊಂಡವನೊಬ್ಬ, ಪೆನ್ನು ಇಡಲು ಹೋದಾಗಲೆಲ್ಲ ಜೇಬನ್ನು ಹುಡುಕುವಂತಾಗಿದೆ ಮಾಸ್ಟರೇ ಎಂದು ಗೋಳಾಡಿದ್ದ. ಅದು ಹೊಸ ಫ್ಯಾಷನ್ ಎಂದು ಮಾಸ್ಟರು ಉತ್ತರ ಕೊಟ್ಟಿದ್ದ. ಮಗಳು ಕುಣಿಯುವುದೊಂದು ಬಾಕಿ. ದಾರದ ಡಬ್ಬಿಗೆ ಫೋನು ಒರಗಿಸಿ, ಬಟ್ಟೆ ಹರಡಿ, ಕತ್ತರಿ ಎತ್ತಿಕೊಂಡಳು.

"ಕಂಪನಿಗೆ ವಿಡಿಯೊ ಮಾಡಿ ಕಳಿಸೋಣ. ನಾನು ಎಡಗೈಲಿ ಕತ್ತರಿಸಿ ಸುಟ್ಟ ಕಲೆ ತೋರಿಸ್ತೀನಿ. ಇವಳು ಹುಟ್ಟಿದಾಗಿಂದ ಎಡಚಿ ಅಂತ ನೀನು ಹೇಳು."

ಅಮ್ಮನ ಮುಖ ಇಳಿಯಿತು. ಮಗಳು ಎಡಚಿ ಎಂಬ ಮಾತನ್ನು ಅವಳು ಇಷ್ಟು ವರ್ಷ ಬಾಯಿಬಿಟ್ಟು ಆಡಿದವಳಲ್ಲ; ಚಾನೆಲ್ಲಿನ ಹೆಸರು ಬಂದರೂ ಮಾತು ಹಾರಿಸುತ್ತಿದ್ದಳು. "ಈಗ ತಾನೇ ಎಲ್ಲರಿಗೂ ಕಳಿಸಿದೀನಲ್ಲೇ. ನಿನ್ನ ಸೋದರತ್ತೆ ಶಹಬ್ಬಾಸ್ ಅಂತ ಬೇರೆ ಬರೆದಿದ್ದಾಳೆ" ಎಂದಳು ಮೆಲ್ಲಗೆ.

"ಹಾಗಾದ್ರೆ ಬಿಡು. ಆ ಕೈ ಅವನದೇ ಅಂತಾಗ್ಲಿ."

"ಅವನದಾ?" ಅಮ್ಮ ಕೂದಲು ಸರಿಮಾಡಿಕೊಂಡು ಮಗಳ ಪಕ್ಕಕ್ಕೆ ಕುರ್ಚಿ ಎಳೆದು ಕೂತಳು. "ನಾನು ಹೆತ್ತ ಕೈ ಅದು. ಶುರು ಮಾಡು."

ಮಗಳು ಎಡಗೈಯಲ್ಲಿ ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಸಮ ಕತ್ತರಿಸಿದಳು. ಅಮ್ಮ ಆ ಎಡಗೈಯನ್ನು, ಹಿಂದೆ ರಿಬ್ಬನ್ ಕಟ್ಟುತ್ತಿದ್ದ ಮಣಿಕಟ್ಟಿನಲ್ಲೇ ಹಿಡಿದು, ಕ್ಯಾಮೆರಾದ ಮುಂದಕ್ಕೆ ಎತ್ತಿದಳು.

"ನೋಡಿ ಸ್ವಾಮಿ, ನನ್ನ ಮಗಳು ಎಡಚಿ. ಹೆತ್ತ ತಾಯಿ ನಾನು ಕಟ್ಟಿ, ಬೈದು, ವರ್ಷಗಟ್ಟಲೆ ಹೆಣಗಿದ್ರೂ ಈ ಕೈ ಬಲಕ್ಕೆ ತಿರುಗ್ಲಿಲ್ಲ. ಅವನ ವಿಡಿಯೊದಲ್ಲಿ ತಿರುಗಿದೆ ಅಂದ್ರೆ, ಸುಳ್ಳು ಹೇಳ್ತಿರೋದು ಈ ಕೈಯಲ್ಲ."